ಸಂಪರ್ಕ ವೇಗದ್ದು, ವೈಫೈ ನಿಧಾನ: ದೋಷ ಎಲ್ಲಿ?

ಹೊಸಕೋಟೆ: ಬೆಂಗಳೂರಿನ ಕಚೇರಿ ಕೆಲಸವನ್ನು ಮನೆಯಿಂದಲೇ ನಿರ್ವಹಿಸುವವರು, ವೈಫೈ ಕುಂಟಿತೆಂದು ದುಬಾರಿ ಯೋಜನೆಗೆ ಹಣ ತೆರುವ ಮುನ್ನ ಲ್ಯಾಪ್‌ಟಾಪನ್ನು ತಂತಿಯ ಮೂಲಕ ರೂಟರ್‌ಗೆ ಜೋಡಿಸಿ ವೇಗ ಅಳೆಯುವುದು ಒಳಿತು. ಅಲ್ಲಿ ಪೂರ್ಣ ವೇಗ ದೊರೆತರೆ ದೋಷ ಮನೆಯೊಳಗಿನದೇ. 95 ಎಂಬಿಪಿಎಸ್ ಆಸುಪಾಸಿನಲ್ಲೇ ನಿಂತರೆ ಹಳೆಯ ಪೋರ್ಟ್ ಅಥವಾ ತಂತಿಯನ್ನು ಶಂಕಿಸಬೇಕು.

ವೈಫೈನ 2.4 ಗಿಗಾಹರ್ಟ್ಸ್ ತರಂಗ ದೂರ ಸಾಗುತ್ತದೆ. ಆದರೆ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ. ಒತ್ತೊತ್ತಾದ ಮನೆಗಳ ಬೀದಿಯಲ್ಲಿ ನೆರೆಯವರ ರೂಟರ್‌ಗಳೂ ಅವನ್ನೇ ಹಂಚಿಕೊಳ್ಳುತ್ತವೆ. 5 ಗಿಗಾಹರ್ಟ್ಸ್ ಹೆಚ್ಚು ವೇಗದ್ದಾದರೂ ಕಾಂಕ್ರೀಟ್ ಗೋಡೆ ದಾಟುವಾಗ ಸೊರಗುತ್ತದೆ. ಕೇಬಲ್ ಒಳಬರುವ ಮುಂಬಾಗಿಲ ಬಳಿ, ಕಬ್ಬಿಣದ ಬೀರುವಿನ ಮರೆಯಲ್ಲಿ ಕುಳಿತ ರೂಟರನ್ನು ನಡುಮನೆಯ ಎತ್ತರಕ್ಕೆ ಸರಿಸುವುದೇ ಅಗ್ಗದ ಪರಿಹಾರ. ಮಹಡಿಗೆ ತಂತಿ ಎಳೆದು ಎರಡನೆಯ ರೂಟರ್ ಅಳವಡಿಸುವುದು ಲೇಸು. ಒಂದೇ ತರಂಗಪಟ್ಟಿಯ ರಿಪೀಟರ್ ವೇಗವನ್ನು ಸುಮಾರು ಅರ್ಧಕ್ಕಿಳಿಸುತ್ತದೆ.