ಸೂರಿನ ಕಥೆ: ಕಟ್ಟಿದ್ದೆಷ್ಟು, ಕಾಪಾಡಿದ್ದೆಷ್ಟು?

ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಬೀಜ, ಗೊಬ್ಬರ, ಸಾಲ ವಸೂಲಿ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾವು ಮನೆಯ ಬಗ್ಗೆ, ಅದರಲ್ಲೂ ಮನೆ ರಿಪೇರಿಯ ಬಗ್ಗೆ ನಾಲ್ಕು ಮಾತು ಬರೆಯೋಣ ಅಂದುಕೊಂಡೆವು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುವ ಗಾದೆ ಎಲ್ಲರಿಗೂ ಗೊತ್ತು. ಕಟ್ಟಿದ ಮೇಲೆ ಅದನ್ನು ನಿಲ್ಲಿಸಿಕೊಳ್ಳೋದು ಎಷ್ಟು ಕಷ್ಟ ಅಂತ ಗಾದೆ ಹೇಳೋದಿಲ್ಲ. ನಮ್ಮ ದೇಶದ ವಸತಿ ಯೋಜನೆಗಳ ಚರಿತ್ರೆಯೂ ಹೆಚ್ಚುಕಡಿಮೆ ಹಾಗೇ ಇದೆ.

ಹಿಂದಿನ ಕಾಲದಲ್ಲಿ ರಿಪೇರಿ ಅನ್ನೋದು ಬೇರೆ ಕೆಲಸ ಆಗಿರಲಿಲ್ಲ, ವರ್ಷದ ಬೇಸಾಯದ ಒಂದು ಭಾಗವೇ ಆಗಿತ್ತು. ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆ ಹೊದೆಸುತ್ತಿದ್ದರು. ನಾಡಹೆಂಚಿನ ಮನೆಯವರು ಹೆಂಚು ಕೈಯಾಡಿಸುತ್ತಿದ್ದರು. ಬಯಲುಸೀಮೆಯ ಮಾಳಿಗೆ ಮನೆಯವರು ಕರಲು ಮಣ್ಣು ತಂದು ಮೇಲೆ ಹರಡಿ, ತುಳಿದು, ನೀರು ಇಳಿಯುವ ದೋಣಿ ಸರಿಮಾಡಿಕೊಳ್ಳುತ್ತಿದ್ದರು. ಸೋಗೆ ತೋಟದ್ದು, ಮಣ್ಣು ಊರ ಹೊರಗಿನದು, ಆಳು ಮುಯ್ಯಾಳು. ಇಂದು ನಿಮ್ಮ ಮನೆ, ನಾಳೆ ನಮ್ಮ ಮನೆ. ಕೈಯಿಂದ ರೊಕ್ಕ ಹೋಗುತ್ತಿದ್ದದ್ದು ಕಡಿಮೆ.

1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಅವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಒಂದಕ್ಕೊಂದು ಕಚ್ಚಿ ಕೂರುವ ಆ ಹೆಂಚು ದೇಶದ ಉದ್ದಗಲಕ್ಕೂ, ಕಡಲಾಚೆಗೂ ಹೋಯಿತು. ಅದರ ಹಿಂದೆ ಸಿಮೆಂಟ್ ಶೀಟು, ಆಮೇಲೆ ಆರ್‌ಸಿಸಿ ಬಂತು. ಮನೆ ಗಟ್ಟಿಯಾಯಿತು, ಒಪ್ಪೋಣ. ಆದರೆ ಅದರ ಜೊತೆಗೆ ರಿಪೇರಿ ಓಣಿಯವರ ಕೈಯಿಂದ ಜಾರಿ ಅಂಗಡಿಗೆ ಹೋಯಿತು. ಸಿಮೆಂಟು, ಸರಳು, ಗಾರೆ ಕೆಲಸದವನ ಪಗಾರ, ಎಲ್ಲಕ್ಕೂ ನಗದು ಬೇಕು. ಮುಯ್ಯಾಳು ಕರೆದರೆ ಸ್ಲ್ಯಾಬಿನ ಬಿರುಕು ಮುಚ್ಚೋದಿಲ್ಲ.

ಸರ್ಕಾರ ಏನು ಮಾಡಿತು? 1957ರಲ್ಲಿ ಹಳ್ಳಿಯ ಮನೆಗಳಿಗೆ ಸಾಲ ಕೊಡುವ ಯೋಜನೆ ಬಂತು, ಹೆಚ್ಚು ದೂರ ಹೋಗಲಿಲ್ಲ. ದೇವರಾಜ ಅರಸರ ಕಾಲದಲ್ಲಿ ಜನತಾ ಮನೆಗಳು, 1985ರಲ್ಲಿ ಕೇಂದ್ರದ ಇಂದಿರಾ ಆವಾಸ್, 1991-92ರಲ್ಲಿ ರಾಜ್ಯದ ಆಶ್ರಯ. ಎಲ್ಲವೂ ಹೊಸ ಮನೆಯ ಲೆಕ್ಕವೇ. ನಾವು ಕಂಡಂತೆ ಒಂದೇ ಒಂದು ಸಲ ಕೇಂದ್ರದವರು ರಿಪೇರಿಯನ್ನು ಸರಿಯಾಗಿ ನೆನೆಸಿದರು. 1999-2000ರಿಂದ ಇಂದಿರಾ ಆವಾಸ್ ಹಣದಲ್ಲಿ ನೂರಕ್ಕೆ 20 ಭಾಗವನ್ನು ಕಚ್ಚಾ ಮನೆಗಳ ಸುಧಾರಣೆಗೆ ತೆಗೆದಿಟ್ಟರು. ಮೊದಲು ಮನೆಗೆ 10,000, ಆಮೇಲೆ 12,500, ಕೊನೆಗೆ 15,000 ರೂಪಾಯಿ. 2016ರಲ್ಲಿ ಅದೇ ಯೋಜನೆ ಪ್ರಧಾನ ಮಂತ್ರಿ ಆವಾಸ್ ಆಯಿತು. ಬಯಲು ಪ್ರದೇಶಕ್ಕೆ 1 ಲಕ್ಷ 20 ಸಾವಿರ ಸಹಾಯಧನ, ಕನಿಷ್ಠ 25 ಚದರ ಮೀಟರ್ ಅಂದರೆ ಸುಮಾರು 270 ಚದರಡಿ ಮನೆ. ಒಳ್ಳೆಯದೇ. ಆದರೆ ರಿಪೇರಿಯ ಆ ಪಾಲು ಕೈಬಿಟ್ಟುಹೋಯಿತು.

ಹಾಗಾದರೆ ದೇಶದ ಮನೆಗಳ ಸ್ಥಿತಿ ಹೇಗಿದೆ? 2011ರ ಜನಗಣತಿಯವರು ಮನೆಗಳನ್ನು ಮೂರು ಗುಂಪು ಮಾಡಿದರು: ಚೆನ್ನಾಗಿರುವವು, ವಾಸಕ್ಕೆ ಆಗುವವು, ಶಿಥಿಲವಾದವು. ದೇಶದಲ್ಲಿ ನೂರಕ್ಕೆ 53 ಕುಟುಂಬಗಳ ಮನೆ ಚೆನ್ನಾಗಿದ್ದವು, 5ರಷ್ಟು ಶಿಥಿಲ. ಹಳ್ಳಿಗಳನ್ನಷ್ಟೇ ನೋಡಿದರೆ ಚೆನ್ನಾಗಿರುವವು 46. ಶಿಥಿಲವಾದದ್ದು ಕಣ್ಣಿಗೆ ಬೀಳುತ್ತದೆ, ಪಟ್ಟಿಗೆ ಸೇರುತ್ತದೆ. ನಡುವಿನ "ವಾಸಕ್ಕೆ ಆಗುವ" ನೂರಕ್ಕೆ 41 ಇದೆಯಲ್ಲ, ಅದೇ ರಿಪೇರಿ ಬೇಡುವ ಮನೆ. ಅದನ್ನು ಕೇಳುವವರಿಲ್ಲ.

ಇಲ್ಲಿ ಲಾತೂರಿನ ಮಾತು ಹೇಳಲೇಬೇಕು, ಯಾಕೆಂದರೆ ಅಲ್ಲಿಯ ಮನೆಗಳಿಗೂ ನಮ್ಮ ಬೀದರ-ಕಲಬುರಗಿ ಕಡೆಯ ಹಳೇ ಮನೆಗಳಿಗೂ ಬಹಳ ಹೋಲಿಕೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಜನ ಮಲಗಿದ್ದಾಗ ಭೂಮಿ ನಡುಗಿತು. ಲೋಕದ ದೊಡ್ಡ ಭೂಕಂಪಗಳ ಮುಂದೆ ಅದು ದೊಡ್ಡದೇನಲ್ಲ. ಆದರೂ ಸಾವಿರಾರು ಜನ ತಮ್ಮ ಮನೆಯ ಕೆಳಗೇ ಸತ್ತರು. ಗೋಡೆ ಎರಡಡಿಗಿಂತ ದಪ್ಪ. ಆದರೆ ಒಳಗೊಂದು ಹೊರಗೊಂದು ಕಲ್ಲಿನ ಸಾಲು, ನಡುವೆ ಮಣ್ಣು-ಜಲ್ಲಿ, ಎರಡನ್ನೂ ಹಿಡಿದಿಡುವ ಅಡ್ಡಗಲ್ಲು ಇಲ್ಲ. ಮೇಲೆ ಮಣ್ಣಿನ ಮಾಳಿಗೆ. ಸೋರಿದಾಗೆಲ್ಲ ಹೊಸ ಮಣ್ಣು ಹಾಕಿದರು, ಹಳೇದು ತೆಗೆಯಲಿಲ್ಲ. ತಲೆಮಾರುಗಳಲ್ಲಿ ಕೆಲವು ಮಾಳಿಗೆಗಳ ಮೇಲೆ ಎರಡಡಿಯವರೆಗೂ ಮಣ್ಣು ಕೂತಿತ್ತು. ಸೂರು ಉಳಿಸಲು ಮಾಡಿದ ರಿಪೇರಿಯೇ ಭಾರವಾಗಿ ಮೇಲೆ ಬಿತ್ತು.

ಆಮೇಲೆ ಮಹಾರಾಷ್ಟ್ರ ಸರ್ಕಾರ ವಿಶ್ವಬ್ಯಾಂಕಿನ ಸಾಲ ತಂದು, ಊರುಗಳನ್ನು ಹೊಸದಾಗಿ ಕಟ್ಟಿದ್ದಲ್ಲದೆ, ಸುಮಾರು ಎರಡು ಲಕ್ಷ ಮನೆಗಳ ರಿಪೇರಿಗೂ ಹಣ ಕೊಟ್ಟಿತು. ಮಾಳಿಗೆ ಮಣ್ಣು ಕಡಿಮೆ ಮಾಡಿ, ಗೋಡೆಯಲ್ಲಿ ಅಡ್ಡಗಲ್ಲು ಕೂಡಿಸಿ ಅಂತ ಹೇಳಿಕೊಡಲು ಊರೂರಿನ ಮಹಿಳಾ ಮಂಡಳದವರನ್ನು ನೇಮಿಸಿಕೊಂಡರು. ಆದರೂ ಬಹಳ ಜನ ಆ ಹಣದಲ್ಲಿ ಪಕ್ಕಕ್ಕೊಂದು ಹೊಸ ಕೋಣೆ ಹಾಕಿಕೊಂಡರು. ಬೈಯೋಣ ಅಂದರೆ ಮನಸ್ಸು ಬರೋದಿಲ್ಲ. ಕಲ್ಲಿನ ಮನೆ ಕಂಡರೆ ಭಯ, ಹೊಸ ಕೋಣೆ ಕಂಡರೆ ಧೈರ್ಯ. ಸರ್ಕಾರಕ್ಕೂ ಜನಕ್ಕೂ ಹೊಸದರ ಮೇಲೇ ಕಣ್ಣು.

ನಮ್ಮ ನಾಡಿನಲ್ಲಿ ಭೂಕಂಪಕ್ಕಿಂತ ಮಳೆಯೇ ದೊಡ್ಡ ಶತ್ರು. 2009ರ ಅಕ್ಟೋಬರ್, 2019ರ ಆಗಸ್ಟ್ ಯಾರೂ ಮರೆತಿಲ್ಲ. ನೆನೆದ ಮಣ್ಣಿನ ಗೋಡೆ ಮಳೆ ನಿಂತು ಬಿಸಿಲು ಬಿದ್ದ ಮೇಲೂ ಕುಸಿಯುತ್ತದೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಘೋಷಿಸಿತು. ಬಿದ್ದ ಮೇಲೆ ಐದು ಲಕ್ಷ, ಬೀಳುವ ಮುಂಚೆ ಐದು ಸಾವಿರಕ್ಕೂ ದಾರಿ ಇಲ್ಲ. ಇದು ಯಾವ ಲೆಕ್ಕ, ನೀವೇ ಹೇಳಿ.

ಆರ್‌ಸಿಸಿ ಮನೆಯವರು ನಿಶ್ಚಿಂತರಾಗಿರಬೇಕಿಲ್ಲ. ಕಾಂಕ್ರೀಟಿಗೆ ನೀರು ಹೆಚ್ಚು ಬೆರೆಸಿ, ಕ್ಯೂರಿಂಗ್ ಸರಿಯಾಗಿ ಮಾಡದೆ, ಸರಳು ಕಾಣುವಷ್ಟು ತೆಳುವಾಗಿ ಹಾಕಿದ ಸ್ಲ್ಯಾಬಿನೊಳಗೆ ನೀರು ಇಳಿಯುತ್ತದೆ. ಸರಳಿಗೆ ತುಕ್ಕು ಹಿಡಿದು ಉಬ್ಬುತ್ತದೆ, ಕೆಳಗಿನ ಗಾರೆ ಹಪ್ಪಳದ ಹಾಗೆ ಉದುರುತ್ತದೆ. ಯೋಜನೆಯಲ್ಲಿ ಕಟ್ಟಿದ ಎಷ್ಟೋ ಮನೆಗಳು ಈಗ ಆ ವಯಸ್ಸಿಗೆ ಬಂದಿವೆ. ಇನ್ನು ಹಳೇ ಮಣ್ಣಿನ ಗೋಡೆಗೆ ಸಿಮೆಂಟು ಬಳಿದು ರಿಪೇರಿ ಆಯಿತು ಅನ್ನುವವರೂ ಇದ್ದಾರೆ. ಒಳಗಿನ ತೇವ ಹೊರಬರಲಾಗದೆ ಗೋಡೆ ಒಳಗೇ ಮೆತ್ತಗಾಗುತ್ತದೆ. ಮಣ್ಣಿನ ಗೋಡೆಗೆ ಮಣ್ಣು ಇಲ್ಲವೆ ಸುಣ್ಣದ ಗಾರೆಯೇ ಸೈ.

ಸಹಕಾರಕ್ಕೆ ಇದು ಹೊರಗಿನ ವಿಷಯ ಅಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶಕ್ಕೇ ಮೊದಲ ಕೃಷಿ ಪತ್ತಿನ ಸಂಘ ಕಟ್ಟಿದರೆ, ನಾಲ್ಕೇ ವರ್ಷಕ್ಕೆ, 1909ರಲ್ಲಿ, ಬೆಂಗಳೂರಿನಲ್ಲಿ ಮನೆ ಕಟ್ಟುವ ಸಹಕಾರ ಸಂಘ ಹುಟ್ಟಿತು. ಪೇಟೆಯವರು ಮನೆಗಾಗಿ ಒಂದುಗೂಡಿದರು, ನಾವು ಬೆಳೆಗಾಗಿ. ನಮ್ಮ ಸಂಘದಲ್ಲಿ ಎಮ್ಮೆಗೆ ಸಾಲ ಇದೆ, ಪಂಪ್‌ಸೆಟ್ಟಿಗೆ ಇದೆ. ಎಮ್ಮೆ ಕಟ್ಟುವ ಮನೆಯ ಜಂತಿಗೆ ಒರಲೆ ಹಿಡಿದರೆ ಬಂಗಾರ ಒತ್ತೆ ಇಡಬೇಕು, ಇಲ್ಲ ಕೈಸಾಲ ತರಬೇಕು.

ಅದಕ್ಕೇ ಬರುವ ಸರ್ವಸದಸ್ಯರ ಸಭೆಯಲ್ಲಿ ಒಂದು ಠರಾವು ತರಬೇಕೆಂದಿದ್ದೇವೆ: ಯುಗಾದಿ ಮುಗಿದ ಮೇಲೆ ಕೊಟ್ಟು, ಸುಗ್ಗಿಯಲ್ಲಿ ತೀರಿಸಿಕೊಳ್ಳುವ ಸಣ್ಣ ರಿಪೇರಿ ಸಾಲ. ಅದಕ್ಕೆ ಮೊದಲು ಊರಿನ ಮನೆಗಳನ್ನು ನೋಡಿ ಪಟ್ಟಿ ಮಾಡಬೇಕು. ಮಾಳಿಗೆ ಮೇಲಿನ ಮಣ್ಣು ಎಷ್ಟು, ಗೋಡೆ ಎಲ್ಲಿ ಹೊಟ್ಟೆ ಬಿಟ್ಟಿದೆ, ಯಾವ ಜಂತಿ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಯಾವ ಸ್ಲ್ಯಾಬಿನಲ್ಲಿ ಸರಳು ಕಾಣುತ್ತದೆ, ಇಷ್ಟು ಸಾಕು. ಪಟ್ಟಿ ಮಾಡುವವರು ಬಂದಾಗ ಚಹಾ ಕೊಡದಿದ್ದರೂ ನಡೀತದೆ, ಮಾಳಿಗೆ ಹತ್ತೋಕೆ ಏಣಿ ಮಾತ್ರ ಕೊಡಿ.