ಮಸ್ಕಿಯ ಬಂಡೆ, ಮೇಕ್‌ಫೈಲಿನ ಡಾಲರ್

ಟರ್ಮಿನಲ್‌ನಲ್ಲಿ ಸರಿಯಾಗಿ ಓಡುವ ಗ್ರೆಪ್ ಸಾಲನ್ನು ಹಾಗೇ ಮೇಕ್‌ಫೈಲಿಗೆ ಹಾಕಿ ನೋಡಿ. ಸಾಲಿನ ಕೊನೆಯನ್ನು ಹಿಡಿಯೋಕೆ ಅಂತ ಪ್ಯಾಟರ್ನ್‌ನಲ್ಲಿ $ ಇದ್ದರೆ, ಬಿಲ್ಡ್ ಬೀಳುತ್ತೆ. ಕೋಟ್ ಮುಚ್ಚಿಲ್ಲ ಅಂತ ಶೆಲ್ ದೂರುತ್ತೆ. ನೀವು ಮುಚ್ಚಿದ್ದೀರಿ, ಆದರೂ!

ಕಾರಣ ಸರಳ. ಕೆನ್ ಥಾಂಪ್ಸನ್ನರ ಗ್ರೆಪ್, 1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಮೇಕ್, ಎರಡೂ ಬೆಲ್ ಲ್ಯಾಬ್ಸ್‌ನ ಮಕ್ಕಳೇ. ಆದರೆ $ ಅಂದರೆ ಗ್ರೆಪ್‌ಗೆ ಸಾಲಿನ ಕೊನೆ, ಮೇಕ್‌ಗೆ ವೇರಿಯಬಲ್. ಸಾಲನ್ನು ಮೊದಲು ಓದೋದು ಮೇಕ್. ಅದು $ ಜೊತೆಗೆ ಪಕ್ಕದ ಕೋಟನ್ನೂ ವೇರಿಯಬಲ್ ಹೆಸರು ಅಂತ ನುಂಗಿಬಿಡುತ್ತೆ. ಅದಕ್ಕೇ ಅಲ್ಲಿ $$ ಅಂತ ಎರಡು ಬರೀಬೇಕು.

ಒಂದು ಗುರುತು ತಾನೇ ಅಕ್ಷರವೋ, ಪಕ್ಕದ ಅಕ್ಷರಕ್ಕೆ ಅಂಟಿದ ಚಿಹ್ನೆಯೋ? ಕಂಪ್ಯೂಟರಿಗಿಂತ ತುಂಬ ಹಿಂದೆ ಕಲ್ಕತ್ತದ ಟಂಕಸಾಲೆಯ ಜೇಮ್ಸ್ ಪ್ರಿನ್ಸೆಪ್‌ಗೂ ಇದೇ ಪ್ರಶ್ನೆ ಎದುರಾಗಿತ್ತು. ಅವನ ಮುಂದಿದ್ದದ್ದು ಯಾರಿಗೂ ಓದಲು ಬಾರದ ಬ್ರಾಹ್ಮಿ ಲಿಪಿ. 1834ರಲ್ಲಿ ಅವನು ಅಲಹಾಬಾದ್ ಸ್ತಂಭದ ಅಕ್ಷರಗಳನ್ನು ಪಟ್ಟಿ ಮಾಡಿದ: ಮೂಲ ಅಕ್ಷರ ಬೇರೆ, ಅದಕ್ಕೆ ಅಂಟಿದ ಸ್ವರಚಿಹ್ನೆ ಬೇರೆ. ಬೀಗದ ಕೈ ಸಿಕ್ಕಿದ್ದು ಮಾತ್ರ ಸಾಂಚಿಯ ಪುಟ್ಟ ಪುಟ್ಟ ಶಾಸನಗಳಲ್ಲಿ. ಎಷ್ಟೋ ಸಾಲುಗಳು ಅವೇ ಎರಡು ಅಕ್ಷರ, ಒಂದು ಚುಕ್ಕಿಯಿಂದ ಮುಗಿಯುತ್ತಿದ್ದವು. ಇವು ದಾನಿಗಳ ಶಾಸನ ಇರಬಹುದು, ಹಾಗಾದರೆ ಕೊನೆಯ ಪದ ‘ದಾನಂ’ ಎಂದು ಊಹಿಸಿದ. ಚುಕ್ಕಿ ಅನುಸ್ವಾರ! 1837ರ ಹೊತ್ತಿಗೆ ಲಿಪಿ ಬಾಯಿಬಿಟ್ಟಿತು.

ಓದಿದ ಶಾಸನಗಳಲ್ಲಿ ರಾಜನ ಹೆಸರು ‘ದೇವಾನಾಂಪಿಯ ಪಿಯದಸಿ’. ಯಾರಪ್ಪ ಇವನು? ಸಿಂಹಳದ ಪಾಲಿ ಗ್ರಂಥ ದೀಪವಂಶದ ಆಧಾರದಲ್ಲಿ ಜಾರ್ಜ್ ಟರ್ನರ್ ಅವನೇ ಅಶೋಕ ಎಂದ. ಆದರೆ ಬಂಡೆಯ ಮೇಲೇ ಆ ಹೆಸರು ಸಿಕ್ಕಿದ್ದು 1915ರಲ್ಲಿ, ನಮ್ಮ ರಾಯಚೂರು ಸೀಮೆಯ ಮಸ್ಕಿಯಲ್ಲಿ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಆ ಶಾಸನವನ್ನು ಎಚ್. ಕೃಷ್ಣಶಾಸ್ತ್ರಿ ಪ್ರಕಟಿಸಿದರು. ಅದರಲ್ಲಿ ‘ದೇವಾನಾಂಪಿಯ’ದ ಪಕ್ಕದಲ್ಲೇ ‘ಅಸೋಕ’ ಇತ್ತು. ಸುಮಾರು ಎಂಬತ್ತು ವರ್ಷದ ಊಹೆ ಟೆಸ್ಟ್ ಪಾಸಾಯಿತು. ಮುಂದೆ ಗುಜರ್ರಾ, ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ಸಿಕ್ಕಿತು.

ಈಗ ಅದೇ ಊರಿನ ಹೆಸರನ್ನು ಕಂಪ್ಯೂಟರಿಗೆ ಕೊಡಿ. ‘ಮಸ್ಕಿ’ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡಿಗೆ ಐದು: ಮ, ಸ, ವಿರಾಮಚಿಹ್ನೆ, ಕ, ಗುಡಿಸು. ಪ್ಯಾಟರ್ನ್‌ನಲ್ಲಿ ಚುಕ್ಕಿ ಅಂದರೆ ‘ಯಾವುದಾದರೂ ಒಂದು’ ಅಂತ ಅಲ್ವಾ? ಎರಡು ಚುಕ್ಕಿಗೆ ಮಸ್ಕಿ ಸಿಗಲ್ಲ, ಐದು ಬೇಕು. ಇನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಬಳಸಿದರೆ ಅದರ ಪಾಲಿಗೆ ಕನ್ನಡದ ಒಂದಕ್ಷರವೂ ಅಕ್ಷರವಲ್ಲ. ಇಂಗ್ಲಿಷಿನ ಇಪ್ಪತ್ತಾರು, ಅಂಕಿಗಳು, ಅಂಡರ್‌ಸ್ಕೋರ್ ಅಷ್ಟೇ. ಹೆಸರಿನ ಕಾಲಂನಲ್ಲಿ ಅದನ್ನೇ ನೆಚ್ಚಿಕೊಂಡ ಫಾರ್ಮ್, ಕನ್ನಡದಲ್ಲಿ ಹೆಸರು ಬರೆದವರನ್ನು ‘ತಪ್ಪು ಹೆಸರು’ ಅಂತ ವಾಪಸ್ ಕಳಿಸುತ್ತೆ.

ಪ್ರಿನ್ಸೆಪ್ ಮಾಡಿದ ಕೆಲಸದ ಕ್ರಮ ಇವತ್ತಿಗೂ ನಡೆಯುತ್ತೆ. ಮೊದಲು ಅತಿ ಚಿಕ್ಕ ಉದಾಹರಣೆ ತಗೊಳ್ಳಿ. ಅಕ್ಷರ, ಚಿಹ್ನೆಗಳನ್ನು ಬಿಡಿಸಿಟ್ಟು ನೋಡಿ. ಮೇಕ್, ಶೆಲ್, ಗ್ರೆಪ್, ಯಾರು ಮೊದಲು ಓದುತ್ತಾರೆ ಅಂತ ಕೇಳಿಕೊಳ್ಳಿ. ಆಮೇಲೆ ನಿಮ್ಮ ಟೆಸ್ಟ್ ಫೈಲಿಗೆ ಇನ್ನೊಂದು ಸಾಲು ಸೇರಿಸಿ: ಮಸ್ಕಿ.