ಹಳೆಯ ವೀಟೆಕ್, ದಿನದ ಓಡಾಟ

1998ರಲ್ಲಿ ಹೋಂಡಾ ಸಿಟಿ ಭಾರತದ ರಸ್ತೆಗಿಳಿದಾಗ ಮಾರುತಿ 800ಕ್ಕೆ ಒಗ್ಗಿಹೋಗಿದ್ದ ಮಧ್ಯಮ ವರ್ಗಕ್ಕೆ ಅದು ದುಬಾರಿ ಕನಸು. ಕೆಲವೇ ವರ್ಷಗಳಲ್ಲಿ ಬಂದ 1.5 ಲೀಟರ್ ವೀಟೆಕ್ ಮಾದರಿ ಆ ಕನಸಿಗೆ ವೇಗ ತುಂಬಿತು: ನೂರಕ್ಕೂ ಹೆಚ್ಚು ಅಶ್ವಶಕ್ತಿ, ಹಗುರ ಮೈ.

ಅದರ ಗುಟ್ಟು ಎಂಜಿನ್ ಆಯಿಲ್‌ನಲ್ಲಿದೆ. ಆರ್‌ಪಿಎಂ ಏರಿದಾಗ ಆಯಿಲ್ ಒತ್ತಡ ಸಣ್ಣದೊಂದು ಪಿನ್ ತಳ್ಳುತ್ತದೆ; ರಾಕರ್ ಆರ್ಮ್‌ಗಳು ಒಂದಕ್ಕೊಂದು ಕಚ್ಚಿಕೊಂಡು ವಾಲ್ವ್‌ಗಳು ಇನ್ನಷ್ಟು ಅಗಲವಾಗಿ, ಹೆಚ್ಚು ಹೊತ್ತು ತೆರೆಯುತ್ತವೆ. ಎಂಜಿನ್ನಿನ ದನಿಯೇ ಬದಲಾಗುತ್ತದೆ. ಆ ದನಿಗೆ ಮನಸೋತವರು ಇಂದಿಗೂ ಈ ಕಾರು ಹುಡುಕುತ್ತಾರೆ. 2003ರಲ್ಲಿ ಬಂದ ಮುಂದಿನ ಸಿಟಿ ಮೈಲೇಜಿಗೆ ಒತ್ತು ಕೊಟ್ಟಿತು.

ಈಗ ಆ ಹಳೆಯ ವೀಟೆಕ್ ಕೊಂಡು ದಿನವೂ ಓಡಿಸಬಹುದೇ?

15 ವರ್ಷ ದಾಟಿದ ಪೆಟ್ರೋಲ್ ಕಾರುಗಳ ಓಡಾಟಕ್ಕೆ ದೆಹಲಿ ಪ್ರದೇಶದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತ್ತು. ಕರ್ನಾಟಕದಲ್ಲಿ ಹಾಗಿಲ್ಲ, ಆರ್‌ಟಿಒ ತಪಾಸಣೆಯಲ್ಲಿ ಪಾಸಾಗಿ, ಹಸಿರು ತೆರಿಗೆ ಕಟ್ಟಿದರೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣವಾಗುತ್ತದೆ. ತೊಡಕಿರುವುದು ಕಾರಿನ ಕೆಳಗೆ. ಬುಷ್‌ಗಳು ಒಣಗಿ ಬಿರಿದಿರುತ್ತವೆ. ಹೊಟ್ಟೆ ತಗ್ಗಾದ್ದರಿಂದ ಬೆಂಗಳೂರಿನ ಹಂಪ್‌ಗಳಿಗೆ ತಾಗುತ್ತದೆ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿತೆಂಬ ದಾಖಲೆಯಿಲ್ಲದಿದ್ದರೆ ಮೊದಲು ಅದನ್ನೇ ಹಾಕಿಸಬೇಕು. ಮನೆಯಲ್ಲಿ ಇನ್ನೊಂದು ವಾಹನವಿದ್ದವರು ಧೈರ್ಯವಾಗಿ ಕೊಳ್ಳಬಹುದು. ಇದೊಂದನ್ನೇ ನಂಬಿದವರು ಗ್ಯಾರೇಜಿನ ಖರ್ಚನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಲಿ.